ತಿಂಗಳ ಕೊನೆಯ ಸಹಿ

ಮಗಳೇ, ಚಾಕಣದ ಕಂಪನಿಯಲ್ಲಿ ಟೆಸ್ಟಿಂಗ್ ವಿಭಾಗಕ್ಕೆ ಸೇರಿದ್ದೀ. ಬಡ್ತಿ, ಸಂಬಳದ ಬುದ್ಧಿ ಹೇಳುವವರು ಮನೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿನ್ನ ಮಾವನಾದ ನಾನು ದುಡಿದದ್ದೆಲ್ಲ ಭೋಸರಿಯ ಕಾರ್ಖಾನೆಗಳ ಕ್ವಾಲಿಟಿ ವಿಭಾಗದಲ್ಲಿ. ಆದ್ದರಿಂದ ನಾನು ನಿನ್ನ ಸಹಿಯ ವಿಷಯ ಹೇಳುತ್ತೇನೆ.

ಕೆಲಸದಲ್ಲಿ ‘ತಪ್ಪು ಮಾಡು’ ಎಂದು ನಿನ್ನನ್ನು ಯಾರೂ ಕೇಳುವುದಿಲ್ಲ. ಸಹಾಯ ಮಾಡು ಎಂದು ಕೇಳುತ್ತಾರೆ. ಕೇಳುವವರು ದುಷ್ಟರೂ ಆಗಿರುವುದಿಲ್ಲ, ಮಧ್ಯಾಹ್ನ ನಿನ್ನ ಜೊತೆ ಡಬ್ಬಿ ಹಂಚಿಕೊಂಡು ಉಂಡವರೇ. ತಿಂಗಳ ಕೊನೆಯ ಸಂಜೆ, ಗೇಟಿನಲ್ಲಿ ಲಾರಿ ನಿಂತಿರುತ್ತದೆ, ಬಿಡಿಭಾಗದ ಬೋರಿನ ಅಳತೆ ಮಿತಿಯಿಂದ ನಾಲ್ಕು ಮೈಕ್ರಾನ್ ಆಚೆ ಹೋಗಿರುತ್ತದೆ. ‘ಜಮವೂನ್ ಘ್ಯಾ’ ಎನ್ನುತ್ತಾರೆ ಇಲ್ಲಿ ಪುಣೆಯವರು ಮರಾಠಿಯಲ್ಲಿ, ಹೇಗಾದರೂ ಹೊಂದಿಸಿಕೊಳ್ಳಿ ಎಂದು. ಆ ಗಳಿಗೆಯಲ್ಲಿ ಅಲ್ಲಿದ್ದ ಯಾರ ತಲೆಯಲ್ಲೂ ಸುಳ್ಳು ಎಂಬ ಯೋಚನೆಯೇ ಸುಳಿಯುವುದಿಲ್ಲ. ಲಾರಿ ಹೋಗಬೇಕು, ಅಷ್ಟೇ.

ಇದು ಸಣ್ಣ ಕಾರ್ಖಾನೆಗಳ ಮಾತಷ್ಟೇ ಅಲ್ಲ. ನೀನು ಭಾನುವಾರ ಹತ್ತುವ ಗುಡ್ಡ, ಎಆರ್‌ಎಐ ಟೇಕಡಿಗೆ ಆ ಹೆಸರು ಬಂದದ್ದು ಅಲ್ಲಿರುವ ವಾಹನ ಪರೀಕ್ಷಾ ಸಂಸ್ಥೆಯಿಂದ. ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ ಫೋಕ್ಸ್‌ವ್ಯಾಗನ್ ಕಾರು ಕಂಪನಿಯ ಹಗರಣ 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಬಯಲಾದಾಗ, ಇಲ್ಲಿ ಓಡುತ್ತಿದ್ದ ಆ ಕಂಪನಿಯ ಡೀಸೆಲ್ ಕಾರುಗಳನ್ನು ಪರೀಕ್ಷಿಸಿದ್ದು ಇದೇ ಸಂಸ್ಥೆ. ಲ್ಯಾಬಿನಲ್ಲಿ ಬಂದ ಹೊಗೆಯ ಲೆಕ್ಕಕ್ಕೂ ರಸ್ತೆಯ ಮೇಲಿನ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಭಾರತದ ನಿಯಮವನ್ನು ತಾನು ಮೀರಿಲ್ಲ ಎಂದೇ ಕಂಪನಿ ವಾದಿಸಿತು. ಆದರೂ ಆ ಡಿಸೆಂಬರ್‌ನಲ್ಲಿ 3,23,700 ಕಾರುಗಳನ್ನು ದುರಸ್ತಿಗೆ ವಾಪಸ್ ಕರೆಯುವುದಾಗಿ ಹೇಳಿತು. ಜಗತ್ತಿನಾದ್ಯಂತ ಅಂಥ ಕಾರುಗಳು ಸುಮಾರು 1.1 ಕೋಟಿ.

ಅಮೆರಿಕದ ನ್ಯಾಯಾಲಯದಲ್ಲಿ ಆ ಕಂಪನಿಯೇ ಒಪ್ಪಿಕೊಂಡ ಸಂಗತಿಗಳನ್ನು ಬಿಡುವು ಮಾಡಿಕೊಂಡು ಓದು. ಕಾರು ಪರೀಕ್ಷೆಯ ರೋಲರ್ ಮೇಲಿದೆಯೋ ರಸ್ತೆಯಲ್ಲಿದೆಯೋ ಎಂದು ಒಂದು ಸಾಫ್ಟ್‌ವೇರ್ ಗುರುತಿಸುತ್ತಿತ್ತು. ಪರೀಕ್ಷೆಯಲ್ಲಿ ಹೊಗೆಯನ್ನು ತಡೆದು, ರಸ್ತೆಗಿಳಿದ ಮೇಲೆ ಬಿಡುತ್ತಿತ್ತು. ಅಲ್ಲಿನ ಮಿತಿಯ 40 ಪಟ್ಟಿನವರೆಗೆ ನೈಟ್ರೋಜನ್ ಆಕ್ಸೈಡ್ ಹೊರಬರುತ್ತಿತ್ತು. ಇದು ಶುರುವಾದದ್ದು 2006ರಲ್ಲಿ: ಹೊಸ ನಿಯಮಕ್ಕೂ ಗಿರಾಕಿಗೂ ಒಟ್ಟಿಗೆ ಒಪ್ಪುವ ಎಂಜಿನ್ ಮಾಡಲು ಆಗುವುದಿಲ್ಲ ಎಂದು ಎಂಜಿನಿಯರುಗಳಿಗೆ ಗೊತ್ತಾದಾಗ. ಆಗುವುದಿಲ್ಲ ಎಂದು ಮೇಲಿನವರಿಗೆ ಹೇಳುವುದಕ್ಕಿಂತ ಕೋಡ್ ಬರೆಯುವುದು ಅವರಿಗೆ ಸುಲಭವಾಯಿತು. ತಮ್ಮತಮ್ಮಲ್ಲಿ ಅದನ್ನು ಅವರು ‘ಅಕೌಸ್ಟಿಕ್ ಫಂಕ್ಷನ್’ ಎಂದರು, ಎಂಜಿನ್ನಿನ ಸದ್ದಿಗೆ ಸಂಬಂಧಪಟ್ಟದ್ದೋ ಎಂಬಂತೆ. ಅಷ್ಟು ಸಭ್ಯವಾದ ಹೆಸರಿದ್ದರೆ ರಾತ್ರಿ ನಿದ್ದೆ ಬರುತ್ತದೆ. ಕೆಲವರು ಆಕ್ಷೇಪ ಎತ್ತಿದರು. ಮುಂದುವರಿಸಿ, ಸಿಕ್ಕಿಬೀಳಬೇಡಿ ಎಂಬರ್ಥದ ಉತ್ತರ ಮೇಲಿನಿಂದ ಬಂತು. 2017ರಲ್ಲಿ 40 ತಿಂಗಳ ಜೈಲು ಶಿಕ್ಷೆಯಾದ ಜೇಮ್ಸ್ ಲಿಯಾಂಗ್ 1983ರಿಂದ ಆ ಕಂಪನಿಯಲ್ಲಿ ದುಡಿದವರು. ಮೂವತ್ತು ವರ್ಷ ದಾಟಿದ ನೌಕರಿ. ಅಂಥವರನ್ನು ಕಳ್ಳರೆಂದು ಬೈದು ಕೈತೊಳೆದುಕೊಳ್ಳಬೇಡ. ಬೈದರೆ, ನಾನು ಆ ಜಾತಿಯವಳಲ್ಲ ಎಂಬ ನೆಮ್ಮದಿ ಬಂದುಬಿಡುತ್ತದೆ. ಅಪಾಯ ಇರುವುದೇ ಆ ನೆಮ್ಮದಿಯಲ್ಲಿ.

ಅವಸರ ಮನುಷ್ಯನನ್ನು ಏನು ಮಾಡುತ್ತದೆ ಎಂಬುದಕ್ಕೆ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಹುಡುಗರನ್ನು ಭಾಷಣ ಮಾಡಲು ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ನರಳುತ್ತ ಕುಸಿದಿದ್ದ. ಸಮಯವಿದ್ದವರಲ್ಲಿ ನೂರಕ್ಕೆ 63 ಮಂದಿ ನೆರವಾದರೆ, ತಡವಾಯಿತೆಂಬ ಅವಸರದಲ್ಲಿ ಹೊರಟವರಲ್ಲಿ ನೆರವಾದವರು 10 ಮಾತ್ರ. ಆ ಎಲ್ಲ ಹುಡುಗರಲ್ಲಿ ಅರ್ಧದಷ್ಟು ಜನರ ಭಾಷಣದ ವಿಷಯ, ದಾರಿಯಲ್ಲಿ ಬಿದ್ದವನಿಗೆ ನೆರವಾದ ಬೈಬಲ್ಲಿನ ಪುಣ್ಯವಂತನ ಕಥೆ!

ಹಾಗಾಗಿ ಗಡಿಬಿಡಿಯಲ್ಲಿ ಬಂದ ಕಾಗದಕ್ಕೆ ಸಹಿ ಹಾಕಬೇಡ. ‘ಹತ್ತು ನಿಮಿಷ ಕೊಡಿ ಸರ್, ಓದಿ ಕೊಡುತ್ತೇನೆ’ ಅನ್ನು. ಮೀಟರ್ ತೋರಿಸಿದ ರೀಡಿಂಗ್ ಅನ್ನು, ಯಾರಾದರೂ ಬಾಯಿ ತೆರೆಯುವ ಮೊದಲೇ, ಪೆನ್ನಿನಲ್ಲಿ ಬರೆದುಬಿಡು. ಬರೆದದ್ದನ್ನು ಹೊಡೆದುಹಾಕಿ ಎನ್ನಲು ಎಂಥವರಿಗೂ ನಾಲಿಗೆ ತಡವರಿಸುತ್ತದೆ. ಅಳತೆ ತಪ್ಪಿದ ಮಾಲು ಹೋಗಲೇಬೇಕಿದ್ದರೆ ಅದಕ್ಕೆ ಡೀವಿಯೇಶನ್ ಎಂಬ ಲಿಖಿತ ಅನುಮತಿಯ ನೇರ ದಾರಿ ಇದೆ. ಬೇಕಾದವರು ತಮ್ಮ ಹೆಸರಿನಲ್ಲಿ ಅದನ್ನು ಬರೆದುಕೊಡಲಿ. ಮೇಲ್‌ನಲ್ಲಿ ಕಳಿಸಿ ಎಂದು ವಿನಯದಿಂದ ಕೇಳಿದಾಗ ಎಷ್ಟೋ ಬೇಡಿಕೆಗಳು ಅಲ್ಲೇ ನಿಂತುಹೋದದ್ದನ್ನು ನಾನು ಕಂಡಿದ್ದೇನೆ.

ಒಬ್ಬಳೇ ಇರಬೇಡ. ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಗೆರೆಗಳ ಉದ್ದ ಹೋಲಿಸುವ ಪರೀಕ್ಷೆ ಇಟ್ಟಿದ್ದ. ಸುತ್ತ ಕೂತವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಉತ್ತರ ಕೊಟ್ಟರು. ಸರಿ ಹೇಳುವ ಇನ್ನೊಬ್ಬ ಜೊತೆಗಿದ್ದರೆ ಈ ಬಾಗುವಿಕೆ ಬಹಳ ಕಡಿಮೆಯಾಯಿತು. ನಿನ್ನ ವಿಭಾಗದಲ್ಲಿ ಅಂಥ ಒಬ್ಬರನ್ನು ಈಗಲೇ ಹುಡುಕಿಕೊ. ಬೇರೆ ಹುಡುಗಿಯೊಬ್ಬಳು ಹಾಗೆ ಒಂಟಿಯಾಗಿ ನಿಂತಾಗ ನೀನು ಸುಮ್ಮನಿರಬೇಡ.

ಇನ್ನು, ಯಾರೂ ಹೇಳದ ಮಾತು. ಬೇಡ ಎನ್ನುವ ಧೈರ್ಯ ಬಹುಪಾಲು ಬ್ಯಾಂಕ್ ಪುಸ್ತಕದಲ್ಲಿರುತ್ತದೆ. ಬಲು ಒಳ್ಳೆಯ ಹುಡುಗರು ಸಹಿ ಹಾಕುವುದನ್ನು ನೋಡಿದ್ದೇನೆ. ದುರಾಸೆಗೆ ಹಾಕಿದವರು ಕಡಿಮೆ, ಮುಂದಿನ ತಿಂಗಳ ಕಂತಿನ ಭಯಕ್ಕೆ ಹಾಕಿದವರೇ ಹೆಚ್ಚು. ಕೆಲಸ ಬಿಟ್ಟರೂ ಆರು ತಿಂಗಳು ಊಟ, ಬಾಡಿಗೆ ನಡೆಯುವಷ್ಟು ದುಡ್ಡು ಮೊದಲು ಕೂಡಿಡು. ಅದಾಗುವವರೆಗೆ ಮೋಶಿಯಲ್ಲಿ ಫ್ಲ್ಯಾಟಿನ ಬುಕಿಂಗ್ ಬೇಡ. ಅಪ್ಪ ಒಪ್ಪದಿದ್ದರೆ ನಾನು ಮಾತಾಡುತ್ತೇನೆ.