ಒಂದೇ ಈಡಿನ ಕೋವಿ

ಚಿರಂಜೀವಿ ಪುಟ್ಟನಿಗೆ ಅಜ್ಜಯ್ಯನ ಆಶೀರ್ವಾದಗಳು.

ಪೆನ್ಸಿಲ್ವೇನಿಯಾದಲ್ಲಿ ನೀನು ಬೇಟೆಯ ತರಬೇತಿ ಮುಗಿಸಿ ಲೈಸೆನ್ಸ್ ಪಡೆದ ಸುದ್ದಿಯನ್ನು ನಿನ್ನ ಅಮ್ಮ ಗಾಬರಿಯಲ್ಲೇ ಹೇಳಿದಳು. ನನಗೆ ಗಾಬರಿಯಾಗಲಿಲ್ಲ. ಅಲ್ಲಿ ಜಿಂಕೆ ಹೆಚ್ಚು. ಯಾವಾಗ ಹೊಡೆಯಬೇಕು, ಒಬ್ಬರು ಎಷ್ಟು ಹೊಡೆಯಬಹುದು ಎಂಬುದನ್ನು ಸರ್ಕಾರವೇ ಗೊತ್ತುಮಾಡುತ್ತದೆ. ನೀನು ಕಟ್ಟಿದ ದುಡ್ಡು ಅಲ್ಲಿನ ವನ್ಯಜೀವಿಗಳನ್ನು ನೋಡಿಕೊಳ್ಳುವ ಇಲಾಖೆಗೇ ಹೋಗುತ್ತದೆ. ನನ್ನ ಚಿಂತೆ ನೀನು ಕೇಳಿದ ಪ್ರಶ್ನೆಯದು. ಜೊತೆಯವರೆಲ್ಲ ನಾಲ್ಕೈದು ತೋಟಾ ಹಿಡಿಯುವ ರೈಫಲ್ ಕೊಂಡಿದ್ದಾರೆ, ನನಗೆ ಮಾತ್ರ ಒಂದೇ ತೋಟಾದ್ದರ ಮೇಲೆ ಮನಸ್ಸಾಗಿದೆ, ಏನು ಮಾಡಲಿ ಅಂತ ಬರೆದಿದ್ದೀಯ.

ತಗೋ ಮಗ. ಎರಡನೇ ಯೋಚನೆ ಬೇಡ.

ನೀನು ಫೋಟೊ ಕಳಿಸಿದ ರೂಗರ್ ನಂಬರ್ ಒನ್ ಒಳ್ಳೆಯ ವಂಶದ ಕೋವಿ. 1967ರಲ್ಲಿ ಪೇಟೆಗೆ ಬಂದದ್ದಾದರೂ ಅದರ ಮೂಲ 1872ರಲ್ಲಿ ಫಾರ್ಕರ್ಸನ್ ಎಂಬ ಸ್ಕಾಟ್ಲೆಂಡಿನವನು ಪೇಟೆಂಟ್ ಪಡೆದ ವಿನ್ಯಾಸ. ಕೆಳಗಿನ ಲಿವರ್ ಒತ್ತಿದರೆ ಉಕ್ಕಿನ ದಪ್ಪ ತುಂಡೊಂದು ಜಾರಿ ಇಳಿದು ನಳಿಗೆಯ ಬಾಯಿ ತೆರೆಯುತ್ತದೆ. ತೋಟಾವನ್ನು ಕೈಯಿಂದಲೇ ಇಟ್ಟು ಲಿವರ್ ಮೇಲೆತ್ತಿದರೆ ತುಂಡು ಎದ್ದು ಮುಚ್ಚುತ್ತದೆ. ಬೋಲ್ಟ್ ಹಿಂದೆ ಮುಂದೆ ಓಡಾಡಲು ಜಾಗ ಬೇಕಿಲ್ಲವಾದ್ದರಿಂದ ನಳಿಗೆ ಅಷ್ಟೇ ಉದ್ದವಿದ್ದರೂ ಇಡೀ ಕೋವಿ ಗಿಡ್ಡವಾಗುತ್ತದೆ. ಪೊದೆಯ ನಡುವೆ ನಡೆಯುವವನಿಗೆ ಆ ಮೂರ್ನಾಲ್ಕು ಇಂಚಿನ ಬೆಲೆ ಗೊತ್ತು. ಇನ್ನೊಂದು ಗುಣವೂ ಇದೆ. ತೆರೆದಿಟ್ಟರೆ ಒಳಗೆ ತೋಟಾ ಇದೆಯೋ ಇಲ್ಲವೋ ಪಕ್ಕದವನಿಗೂ ಕಾಣುತ್ತದೆ. ಬೇಲಿ ದಾಟುವಾಗ, ಮರ ಹತ್ತುವಾಗ, ಕಾರಿನ ಹತ್ತಿರ ಬಂದಾಗ ತೆರೆದೇ ಇರಲಿ.

ನಮ್ಮ ಮನೆಯ ಕೇಪಿನ ಕೋವಿಯನ್ನು ನೀನು ಗೋಡೆಯ ಮೇಲಷ್ಟೇ ನೋಡಿದ್ದೀಯ. ಅದನ್ನು ತುಂಬುವುದೇ ಒಂದು ಕೆಲಸ. ನನ್ನಪ್ಪ ಜಗಲಿಯಲ್ಲಿ ಕೂತು ಮೊದಲು ಮದ್ದನ್ನು ಅಳತೆ ಮಾಡಿ ನಳಿಗೆಗೆ ಸುರಿಯುತ್ತಿದ್ದರು. ಅದರ ಮೇಲೆ ಕತ್ತದ ಉಂಡೆ ತುರುಕಿ ಗಜದಿಂದ ಗಟ್ಟಿಸುತ್ತಿದ್ದರು. ಗಜ ಚಿಮ್ಮಿ ಕೈಗೆ ಬರುವಷ್ಟು ಗಟ್ಟಿಯಾಯಿತೆಂದರೆ ಗುಂಡು, ಗುಂಡು ಉರುಳದಂತೆ ಮತ್ತೆ ಕತ್ತ. ಕೇಪನ್ನು ಮಾತ್ರ ಮನೆಯಲ್ಲಿ ಹಾಕುತ್ತಿರಲಿಲ್ಲ. ಬಿಲ್ಲಿಗೆ, ಅಂದರೆ ಪ್ರಾಣಿ ಬರುವ ದಾರಿ ಕಾಯುವ ಜಾಗಕ್ಕೆ, ಹೋಗಿ ನಿಂತ ಮೇಲೆಯೇ ಅದು ಜೇಬಿನಿಂದ ಹೊರಬರುತ್ತಿದ್ದದ್ದು. ಮಳೆಯ ಥಂಡಿ ಹಿಡಿದ ದಿನ ಕೇಪು ಪಟ್ಟೆಂದರೂ ಈಡು ಹಾರುತ್ತಿರಲಿಲ್ಲ. ಹಾರಿ ಗುರಿ ತಪ್ಪಿತೋ, ಮತ್ತೆ ತುಂಬುವಷ್ಟರಲ್ಲಿ ಹಂದಿ ಇನ್ನೊಂದು ಗುಡ್ಡದಲ್ಲಿರುತ್ತಿತ್ತು.

ಒಮ್ಮೆ ಅಪ್ಪ ತಮ್ಮ ಪಕ್ಕ ನನ್ನನ್ನೂ ಬಿಲ್ಲಿಗೆ ಕೂರಿಸಿಕೊಂಡಿದ್ದರು. ಕೆಳಗಿನಿಂದ ಹಳು ಸೋವುತ್ತ, ಅಂದರೆ ಪೊದೆಗಳಿಂದ ಪ್ರಾಣಿಗಳನ್ನು ಎಬ್ಬಿಸಿ ಓಡಿಸುತ್ತ, ಬರುತ್ತಿದ್ದವರ ಕೂಗು, ನಾಯಿಗಳ ಬೊಗಳು. ಕಂಡಿಯಲ್ಲಿ ದೊಡ್ಡ ಕಡವೆಯೊಂದು ಬಂದು ನಮ್ಮತ್ತ ಮುಖ ಮಾಡಿ ನಿಂತಿತು. ಅದರ ಮೂಗಿನ ಹೊಳ್ಳೆ ಅರಳುವುದೂ ಕಾಣುತ್ತಿತ್ತು. ಅಪ್ಪ ಕೋವಿ ಎತ್ತಿ ಹೆಗಲಿಗಿಟ್ಟರು. ಕಡವೆ ಪಕ್ಕೆ ತೋರಿಸಲಿಲ್ಲ, ಮೇಲಾಗಿ ಸೋವಿನವರು ಅದರ ಹಿಂದಿನ ಇಳಿಜಾರಿನಲ್ಲೇ ಎಲ್ಲೋ ಇದ್ದರು. ಅಪ್ಪ ಕೋವಿ ಇಳಿಸಿದರು. ಕಡವೆ ಹೋಯಿತು. ಊರಿನವರು ಆ ಹೊತ್ತು ಆಡಿದ ಮಾತನ್ನು ಬರೆಯುವುದಿಲ್ಲ; ಕೋವಿಗೊಂದು ಪಾಲು, ನಾಯಿಗೊಂದು ಪಾಲು ಎಂದು ಲೆಕ್ಕ ಹಾಕಿಕೊಂಡು ಬಂದವರು ಬರಿಗೈಯಲ್ಲಿ ಹೋಗುವುದು ಸುಲಭವಲ್ಲ. ಅಪ್ಪ ಒಂದು ಮಾತೂ ಆಡಲಿಲ್ಲ. ಬೇಟೆಯಲ್ಲಿ ನಾನು ಕಂಡ ಅತಿ ದೊಡ್ಡ ಗಟ್ಟಿತನ ಅದೇ. ಅಂಥ ಹೊತ್ತಿನಲ್ಲಿ ಒಂದೇ ಈಡಿನ ಕೋವಿ ಮನುಷ್ಯನ ಪರವಾಗಿ ನಿಲ್ಲುತ್ತದೆ. ಇದು ತಪ್ಪಿದರೆ ಇನ್ನೊಂದಿದೆ ಎಂಬ ಆಸೆಯನ್ನು ಅದು ಹುಟ್ಟಿಸುವುದೇ ಇಲ್ಲ.

ಆದರೆ ಕೋವಿಯಿಂದಲೇ ಒಳ್ಳೆಯತನ ಬರುತ್ತದೆ ಅಂತ ತಿಳಿಯಬೇಡ. ನೀನಿರುವ ದೇಶದ ಚರಿತ್ರೆಯನ್ನೇ ನೋಡು. 1870ರ ದಶಕದಲ್ಲಿ ಕಾಡೆಮ್ಮೆಗಳ ಹಿಂಡನ್ನು ಅಳಿಸಿದ ಹೆಸರಾಂತ ಶಾರ್ಪ್ಸ್ ರೈಫಲ್ ಕೂಡ ಒಂದೇ ತೋಟಾದ್ದು. ದೂರದಲ್ಲಿ ಕೂತು, ಹಿಂಡನ್ನು ನಡೆಸುವ ಹೆಣ್ಣನ್ನು ಮೊದಲು ಕೆಡವಿ, ಉಳಿದವು ದಿಕ್ಕು ಕಾಣದೆ ನಿಂತಲ್ಲೇ ನಿಂತಾಗ ಒಂದೊಂದಾಗಿ ಉರುಳಿಸಿದರು. ಯಂತ್ರಗಳ ಪಟ್ಟಿಗೆ ಬೇಕೆಂದು ಚರ್ಮ ಸುಲಿದು ಮಾಂಸವನ್ನು ಬಯಲಲ್ಲೇ ಕೊಳೆಯಲು ಬಿಟ್ಟರು. ಕೋಟಿಗಟ್ಟಲೆ ಇದ್ದ ಪ್ರಾಣಿ 1880ರ ದಶಕದ ಕೊನೆಗೆ ಆ ದೇಶದ ಬಯಲಲ್ಲಿ ಕೆಲವೇ ನೂರಕ್ಕೆ ಇಳಿಯಿತು. ತಡೆಯುವ ಮನಸ್ಸು ಕೋವಿ ಹಿಡಿದವನಲ್ಲೇ ಇರಬೇಕು.

ಜಿಮ್ ಕಾರ್ಬೆಟ್ ಹುಡುಗನಾಗಿದ್ದಾಗ ಸಿಕ್ಕ ಕೋವಿಯ ವಿಷಯ ಓದಿದ್ದೀಯಾ? ಎರಡು ನಳಿಗೆಯದಾದರೂ ಒಂದು ಸೀಳಿತ್ತು, ಹಾಗಾಗಿ ಒಂದೇ ಈಡು. ಮುರಿದದ್ದನ್ನು ಹಿತ್ತಾಳೆ ತಂತಿಯಲ್ಲಿ ಬಿಗಿದು ಕಟ್ಟಿದ್ದರು. ಕಾಡಿನಲ್ಲಿ ಸದ್ದಿಲ್ಲದೆ ನಡೆಯುವುದನ್ನು, ಹಕ್ಕಿಗಳ ಕೂಗು ಕೇಳಿ ತಿಳಿಯುವುದನ್ನು ಅವರು ಕಲಿತದ್ದು ಅಂಥ ಕೋವಿಯ ಕಾಲದಲ್ಲೇ. 1953ರ ಅವರ 'ಜಂಗಲ್ ಲೋರ್' ಅನ್ನು ಬೇಟೆಯ ಋತು ಶುರುವಾಗುವ ಮೊದಲೇ ಓದು.

ಈಗ ಕೆಲಸದ ಮಾತು. ಜಿಂಕೆ ಅಡ್ಡವಾಗಿ ನಿಲ್ಲುವವರೆಗೆ ಕಾಯಿ. ಮುಂಗಾಲಿನ ಹಿಂದೆಯೇ, ಮೈಯ ಕೆಳಗಿನ ಮೂರನೇ ಒಂದು ಭಾಗದ ಎತ್ತರಕ್ಕೆ ಗುರಿಯಿಡು. ಹೃದಯ, ಶ್ವಾಸಕೋಶ ಇರುವುದು ಅಲ್ಲೇ. ಅದರ ಹಿಂದೆ ಮಣ್ಣಿನ ದಿಬ್ಬ ಇಲ್ಲದಿದ್ದರೆ, ಬರೀ ಆಕಾಶ ಕಂಡರೆ, ಬಿಟ್ಟುಬಿಡು. ಈಡು ಹಾರಿದ ತಕ್ಷಣ, ಜಿಂಕೆ ಬಿದ್ದರೂ ಸರಿ, ಇನ್ನೊಂದು ತೋಟಾ ತುಂಬು. ಅದು ಕೈಗೆಟುಕುವ ಜಾಗದಲ್ಲಿರಲಿ, ಚೀಲದ ತಳದಲ್ಲಲ್ಲ. ಓಡಿದರೆ ಬೆನ್ನಟ್ಟಬೇಡ, ಅರ್ಧ ಗಂಟೆಯಾದರೂ ಕೂರು. ನೊರೆ ನೊರೆಯಾದ ತಿಳಿಗೆಂಪು ರಕ್ತ ಕಂಡರೆ ಶ್ವಾಸಕೋಶಕ್ಕೆ ತಗಲಿದೆ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪಾಗಿದ್ದು ಹಸಿರು ಬೆರೆತಿದ್ದರೆ ಹೊಟ್ಟೆಗೆ ಬಿದ್ದಿದೆ. ಆಗ ಗಂಟೆಗಟ್ಟಲೆ ಕಾಯಬೇಕು, ಇಲ್ಲದಿದ್ದರೆ ಆ ಬಡಪ್ರಾಣಿ ನೋವಿನಲ್ಲೇ ಮೈಲುಗಟ್ಟಲೆ ಓಡುತ್ತದೆ. ಅಲ್ಲಿನ ಕಾನೂನಿನಂತೆ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣ ತೊಡಬೇಕಲ್ಲ, ಅದರಲ್ಲಿ ಒಂದಿಂಚೂ ಕಡಿಮೆ ಮಾಡಬೇಡ. ಕೈ ಪಳಗಿದ ಮೇಲೆ, ಕ್ರಿಸ್‌ಮಸ್ ಕಳೆದು ಬರುವ ಕಲ್ಲಿನ ಕಿಡಿಯ ಕೋವಿಯ ಋತುವಿನಲ್ಲೂ ಒಮ್ಮೆ ಹೋಗು. ನನ್ನಪ್ಪ ಮಾಡುತ್ತಿದ್ದ ಕೆಲಸ ಎಂಥದ್ದೆಂದು ನಿನ್ನ ಕೈಗೇ ತಿಳಿಯುತ್ತದೆ.

ಇಲ್ಲಿಗೆ ಬಂದಾಗ ಮಾತ್ರ ಕೋವಿಯ ಮಾತು ಬೇಡ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮ ಮನೆಯಲ್ಲಿ ಬೇಟೆ ನಿಂತಿತು, ನಿಲ್ಲಬೇಕಾಗಿತ್ತು. ಕಡವೆ ಈ ಕಡೆ ಅಪರೂಪವಾಗಿಬಿಟ್ಟಿತ್ತು. ನಮ್ಮದು ಬೆಳೆ ಕಾಯುವ ಲೈಸೆನ್ಸು, ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುತ್ತೇನೆ. ಹಂದಿ ಗದ್ದೆ ಹಾಳು ಮಾಡಿದರೂ ಅದಕ್ಕೆ ಈಡು ಹಾಕುವ ಹಕ್ಕನ್ನು ಆ ಲೈಸೆನ್ಸು ಕೊಡುವುದಿಲ್ಲ.

ಒಂದೇ ಒಂದನ್ನು ನಡೆಸಿಕೊಡು ಪುಟ್ಟ. ನಿನ್ನ ಗುಂಡು ತಗಲಿದ ಜಿಂಕೆಯನ್ನು ಹುಡುಕದೆ ಮನೆಗೆ ಬರಬೇಡ. ಕತ್ತಲಾಯಿತೆಂದರೆ ಗುರುತು ಕಟ್ಟಿ ಬಾ, ಬೆಳಗಾಗುತ್ತಲೇ ತಿಳಿದವರನ್ನು ಕರೆದುಕೊಂಡು ಹೋಗು, ಆಫೀಸಿಗೆ ರಜೆ ಹಾಕಬೇಕಾದರೂ ಹಾಕು.

ಇಂತು ನಿನ್ನ ಪ್ರೀತಿಯ
ಅಜ್ಜಯ್ಯ