ಮರಗೆಲಸದಲ್ಲಿ ಸಂದು ಮತ್ತು ಪುಟ್ಟಿ

12ನೆಯ ಶತಮಾನದ ಶರಣಸಮೂಹದಲ್ಲಿ ಬಾಚಿಕಾಯಕದ ಬಸವಯ್ಯನವರೂ ಒಬ್ಬರು. ಬಾಚಿಯೆಂದರೆ ಮರ ಕೆತ್ತುವ ಆಯುಧ. ಹೆಸರೇ ಅವರ ಕಾಯಕವನ್ನು ಹೇಳುತ್ತದೆ. ಆ ಕಾಯಕದಲ್ಲಿ ಅತಿ ಚಿಕ್ಕದೆಂದು ತೋರುವ, ಆದರೆ ಮನೆ ಕಟ್ಟಿಸುವವರನ್ನು ಬಹಳವಾಗಿ ಕಾಡುವ ವಿಷಯವೊಂದುಂಟು. ಅದೇ ಸಂದು ಮುಚ್ಚುವಿಕೆ.

ಗೃಹಪ್ರವೇಶದ ದಿನ ಬಾಗಿಲು ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಒಂದು ಬೇಸಗೆ ಕಳೆಯುವಷ್ಟರಲ್ಲಿ ಬಣ್ಣ ಬಿರಿದು, ಒಳಗಿನ ಪುಟ್ಟಿ ಚಕ್ಕೆಯಾಗಿ ಉದುರುತ್ತದೆ. ಮನೆಯೊಡೆಯನು ಬಡಗಿಯನ್ನೂ ಬಡಗಿಯು ಬಣ್ಣದವನನ್ನೂ ದೂರುವುದು ವಾಡಿಕೆ. ನಿಜವಾದ ಕಾರಣವನ್ನು ಮರದ ಸ್ವಭಾವದಲ್ಲಿ ಹುಡುಕಬೇಕು.

ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನಾರಿನುದ್ದಕ್ಕೆ ಈ ಬದಲಾವಣೆ ಗಣನೆಗೆ ಬಾರದಷ್ಟು ಅಲ್ಪ. ಅಗಲದಲ್ಲಿ ಮಾತ್ರ ಹೆಚ್ಚು. 300 ಮಿ.ಮೀ. ಅಗಲದ ಸಾಗುವಾನಿ ಹಲಗೆಯ ತೇವಾಂಶ ನೂರಕ್ಕೆ 4ರಷ್ಟು ಇಳಿದರೆ ಅದು ಸುಮಾರು 2 ಮಿ.ಮೀ. ಕಿರಿದಾಗಬಹುದು. ಆದುದರಿಂದ ಅಲುಗುವ ಸಂದು ಯಾವುದು, ಅಲುಗದ ಸಂದು ಯಾವುದು ಎಂಬುದನ್ನು ಮೊದಲು ವಿಂಗಡಿಸಿಕೊಂಡು ಅನಂತರ ಪುಟ್ಟಿಯ ಡಬ್ಬಿ ತೆರೆಯತಕ್ಕದ್ದು.

ಮೊಳೆಯ ಗುಂಡಿ, ಉಳಿ ಜಾರಿದ ಗಾಯ, ಚಿಕ್ಕ ಗಂಟಿನ ಕುಳಿ ಇವು ಅಲುಗವು. ಬಣ್ಣ ಬಳಿಯುವ ಮರಕ್ಕೆ, ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿದ ಹಳೆಯ ಪುಟ್ಟಿಯೇ ಇಲ್ಲಿ ಸಾಕು. ಆದರೆ ಬರಿಯ ಮರಕ್ಕೆ ಅದನ್ನು ಹಚ್ಚಿದರೆ ಮರವು ಎಣ್ಣೆಯನ್ನು ಹೀರಿಕೊಂಡು ಪುಟ್ಟಿ ಪುಡಿಯಾಗುತ್ತದೆ. ಮೊದಲು ಪ್ರೈಮರ್ ಬಳಿದು, ಅದು ಒಣಗಿದ ಮೇಲೆ ತುಂಬಬೇಕು. ಕೆಲವು ಭರ್ತಿಗಳು ಒಣಗುವಾಗ ತಾವೂ ಕುಗ್ಗುವುದರಿಂದ ಕೊಂಚ ಉಬ್ಬಾಗಿ ತುಂಬಿ, ಗಟ್ಟಿಯಾದ ಮೇಲೆ ಮರಳು ಕಾಗದದಿಂದ ಉಜ್ಜಿ ಸಮಗೊಳಿಸುವುದು ಲೇಸು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಕೂಡದು. ಆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುವಾಗ ಶಾಖ ಹುಟ್ಟಿ, ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದುಂಟು.

ಪಾಲಿಶ್ ಮಾಡುವ ಮರದ ಮಾತೇ ಬೇರೆ. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬುವ ರೂಢಿ ಎಲ್ಲೆಡೆಯೂ ಇದೆ. ಆದರೆ ಅಂಟು ಹತ್ತಿದ ಕಡೆ ಬಣ್ಣದ ನೀರು ಇಳಿಯದೆ, ತುಂಬಿದ ಜಾಗ ಕಲೆಯಂತೆ ಎದ್ದು ಕಾಣುತ್ತದೆ. ಪಾಲಿಶ್ ಮುಗಿದ ಮೇಲೆ ಆ ಬಣ್ಣಕ್ಕೆ ಹೊಂದುವ ಮೇಣವನ್ನು ಒತ್ತಿ ತುಂಬುವುದು ಉತ್ತಮ. ಸಂದು ಅಗಲವಾಗಿದ್ದರೆ ಅದೇ ಮರದ ತೆಳು ಸೀಳನ್ನು, ನಾರಿನ ದಿಕ್ಕು ಹೊಂದುವಂತೆ, ಅಂಟು ಹಚ್ಚಿ ಕೂರಿಸಬೇಕು.

ಬಾಗಿಲಿನ ನಡುವಣ ಅಗಲವಾದ ಹಲಗೆ ಚೌಕಟ್ಟಿನ ಕಾಲುವೆಯೊಳಗೆ ಸಡಿಲವಾಗಿ ಕುಳಿತಿರುತ್ತದೆ. ಇದು ಬಡಗಿಯ ಅಜಾಗರೂಕತೆಯಲ್ಲ, ಹಿರಿಯ ಕಸುಬುದಾರರ ಜಾಣತನ. ಆ ಸಂದಿಗೆ ಪುಟ್ಟಿ ಮೆತ್ತಿದರೆ ಬೇಸಗೆಯಲ್ಲಿ ಪುಟ್ಟಿ ಬಿರಿಯುತ್ತದೆ. ಅಂಟು ಹಾಕಿ ಬಿಗಿದರೆ ಹಲಗೆಯೇ ಸೀಳುತ್ತದೆ. ಓರೆಯಾಗಿ ಕೊಯ್ದು ಕೂಡಿಸಿದ ಮೂಲೆಗಳೂ ಮರ ಒಣಗಿದಾಗ ಒಳಬದಿಯಲ್ಲಿ ಬಾಯಿ ಬಿಡುತ್ತವೆ. ಹಸಿ ಮರವನ್ನು ತಂದು ಅವಸರದಿಂದ ಕೂಡಿಸಿದವರಿಗೆ ಯಾವ ಪುಟ್ಟಿಯೂ ನೆರವಾಗಲಾರದು.

ಚೌಕಟ್ಟಿಗೂ ಗೋಡೆಗೂ ನಡುವಿನ ಸಂದು ಅಲುಗುವಂಥದೇ ಆದರೂ ಮುಚ್ಚತಕ್ಕದ್ದು. ಅಲ್ಲಿ ರಬ್ಬರಿನಂತೆ ಎಳೆದಾಡುವ ಅಕ್ರಿಲಿಕ್ ಸೀಲೆಂಟ್ ಬೇಕು. ಸಿಲಿಕೋನಿನ ಮೇಲೆ ಸಾಮಾನ್ಯವಾಗಿ ಬಣ್ಣ ಹಿಡಿಯದು. ಸಂದು ಆಳವಾಗಿದ್ದರೆ ಮೊದಲು ಫೋಮಿನ ಬತ್ತಿಯನ್ನು ಒಳಗೆ ತುರುಕಿ, ಮೇಲೆ ಸೀಲೆಂಟ್ ಹಾಕುವುದು ಕ್ರಮ. ಅದು ಎರಡು ಬದಿಗಳಿಗೆ ಮಾತ್ರ ಅಂಟಿದ್ದರೆ ಸರಾಗವಾಗಿ ಹಿಗ್ಗುತ್ತದೆ. ತಳಕ್ಕೂ ಅಂಟಿಕೊಂಡರೆ ಎಳೆತ ತಾಳದೆ ಹರಿಯುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದುದು ಹೊಸ್ತಿಲ ಬಳಿ ಚೌಕಟ್ಟಿನ ಬುಡದಲ್ಲಿ. ಮಳೆನೀರನ್ನೂ ನೆಲ ತೊಳೆದ ನೀರನ್ನೂ ನಾರಿನ ತುದಿ ಹೀರುತ್ತಲೇ ಇರುತ್ತದೆ. ತೇವಾಂಶ ನೂರಕ್ಕೆ 20 ಮೀರಿ ಬಹುಕಾಲ ನಿಂತರೆ ಬೂಷ್ಟು ಹಿಡಿದು ಮರ ಕೊಳೆಯತೊಡಗುತ್ತದೆ. ಅಂಥ ಕಡೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ತೇವ ಒಳಗೇ ಸೆರೆಯಾಗಿ, ಕೇಡು ಕಣ್ಣಿಗೆ ಬೀಳದೆ ಮೇಲೇರುತ್ತದೆ. ಹಳೆಯ ಮನೆ ಕೊಳ್ಳುವವರು ಬುಡದಲ್ಲಿ ಸೂಜಿಮೊನೆಯ ಉಪಕರಣವನ್ನು ಒತ್ತಿ ನೋಡಬೇಕು. ಮೊನೆ ಬೆಣ್ಣೆಗೆ ಇಳಿದಂತೆ ಇಳಿದರೆ ಆ ಭಾಗವನ್ನು ಗಟ್ಟಿಮರ ಸಿಗುವವರೆಗೆ ಕೊಯ್ದು ತೆಗೆದು, ಒಣಗಿದ ಹೊಸ ತುಂಡನ್ನು ಓರೆಜೋಡಣೆಯಿಂದ ಕೂಡಿಸಿ, ನೀರು ಬರುವ ದಾರಿಯನ್ನು ತಪ್ಪಿಸಿದ ಬಳಿಕವೇ ಉಳಿದ ಕೂದಲೆಳೆಯ ಸಂದಿಗೆ ಪುಟ್ಟಿ ಹಚ್ಚಬೇಕು.