ಸಂಸ್ಕೃತ ಪದ, ಹಿಂದಿ ಉಚ್ಚಾರ: ಎರಡನ್ನೂ ಗೆಲ್ಲುವ ಆರು ಸೂತ್ರಗಳು

ಧರ್ಮಸ್ಥಳಕ್ಕೆ ಉತ್ತರ ಭಾರತದ ಯಾತ್ರಿಕರೂ ಬರುತ್ತಾರೆ. ಅಂಗಡಿಯಲ್ಲಿ, ವಸತಿಗೃಹದ ಕೌಂಟರಿನಲ್ಲಿ ಅವರೊಡನೆ ಹಿಂದಿ ಆಡುವ ನಮ್ಮ ಮಕ್ಕಳು ಸಂಜೆ ಭಜನೆಗೆ ಕೂತು ಶ್ಲೋಕ ಹೇಳಬೇಕು. ಎರಡೂ ಶುದ್ಧವಾಗಿ ಬರಬೇಕೆನ್ನುವವರಿಗೆ ಈ ಸೂತ್ರಗಳು.

1. ಶ್ಲೋಕದಲ್ಲಿ ಕೊನೆಯ ‘ಅ’ ನುಂಗಬೇಡಿ. ಹಿಂದಿಯಲ್ಲಿ ರಾಮ ‘ರಾಮ್’, ಮಂಜುನಾಥ ‘ಮಂಜುನಾಥ್’. ಅಲ್ಲಿ ಅದೇ ಸರಿ. ನಡುವಿನ ಅಕಾರವೂ ಜಾರುತ್ತದೆ: ಬರೆಯುವುದು ‘ಜನತಾ’, ಆಡುವುದು ‘ಜನ್ತಾ’. ಸಂಸ್ಕೃತಕ್ಕೆ ಇದು ಹೊಂದದು. ಅನುಷ್ಟುಪ್ ಛಂದಸ್ಸಿನ ಪಾದಕ್ಕೆ 8 ಅಕ್ಷರ; ಒಂದು ಅಕಾರ ನುಂಗಿದಿರೋ, ಉಳಿಯುವುದು 7.

2. ಎಳೆಯಲೂ ಬೇಡಿ. ‘ಯೋಗಾ’, ‘ಕರ್ಮಾ’ ಇಂಗ್ಲಿಷ್ ಸ್ಪೆಲ್ಲಿಂಗ್ ಕೊಟ್ಟ ಕಾಟ. ಕೃಷ್ಣ ದೇವಕಿಯ ಮಗ, ಕೃಷ್ಣಾ ಎಂದರೆ ದ್ರೌಪದಿ. ಹಾಡಿ ಕರೆಯುವಾಗಿನ ಮಾತು ಬೇರೆ.

3. ಮಹಾಪ್ರಾಣಕ್ಕೆ ಉಸಿರು ಕೊಡಿ. ತುಳು ಮಾತಿನಲ್ಲಿ ಮಹಾಪ್ರಾಣ ತೀರಾ ಕಡಿಮೆ, ಹಾಗಾಗಿ ನಮ್ಮ ಬಾಯಿಗೆ ‘ದರ್ಮಸ್ತಳ’ ಸಲೀಸು. ಮನೆಯಲ್ಲಿ ಅದು ತಪ್ಪೇನಲ್ಲ. ಆದರೆ ಅನ್ನಪೂರ್ಣ ಛತ್ರದ ದಾರಿ ತೋರಿಸುತ್ತಾ ‘ಖಾನಾ’ ಎನ್ನುವಲ್ಲಿ ‘ಕಾನಾ’ ಎಂದರೆ ಹಿಂದಿಯವರಿಗೆ ಊಟವಲ್ಲ, ಒಕ್ಕಣ್ಣ! ಕನ್ನಡದಲ್ಲೂ ಧನ ಬೇರೆ, ದನ ಬೇರೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಕ–ಖ, ದ–ಧ ಹೇಳಿ ನೋಡಿ. ಎರಡನೆಯದಕ್ಕೆ ಉಸಿರು ಕೈಗೆ ತಾಗಬೇಕು. ನಾನು ಕಂಡಂತೆ ಕರಾವಳಿಯವರು ಹೆಚ್ಚು ದುಡಿಯಬೇಕಾದ್ದು ಇಲ್ಲಿಯೇ.

4. ‘ಜ್ಞಾನ’ ಹಿಂದಿಯವರಿಗೆ ‘ಗ್ಯಾನ್’, ನಮ್ಮಲ್ಲಿ ಅನೇಕರಿಗೆ ‘ಗ್ನಾನ’. ಅಕ್ಷರದಲ್ಲಿರುವುದು ಜ್ ಮತ್ತು ಞ. ‘ಋ’ ಅವರಿಗೆ ರಿ, ನಮಗೆ ರು. ಮೂಲದಲ್ಲಿ ಅದು ಸ್ವರ. ಯಾರನ್ನೂ ಹೀಗಳೆಯಬೇಡಿ.

5. ‘ಧರ್ಮಸ್ಥಲ್’ ಎಂದ ಯಾತ್ರಿಕರನ್ನು ತಿದ್ದಬೇಡಿ. ಪ್ರಮಾಣ ಹಿಂದಿಯಲ್ಲಿ ‘ಳ’ ಇಲ್ಲ, ಸಂಸ್ಕೃತದ ಪದವೂ ‘ಸ್ಥಲ’ವೇ. ಆದರೆ ‘ಕೈಲಾಶ್’ ಅನ್ನು ಅವರಿಂದ ಎರವಲು ತರಬೇಡಿ; ಸಂಸ್ಕೃತದಲ್ಲೂ ಕನ್ನಡದಲ್ಲೂ ಅದು ಕೈಲಾಸ.

6. ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ, ಅಂದರೆ ತಾಳಮದ್ದಳೆ ಕೇಳಿ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಧ್ವನಿಮುದ್ರಣವನ್ನು ಒಂದೊಂದು ವಾಕ್ಯವಾಗಿ ಕೇಳಿ, ನಿಲ್ಲಿಸಿ, ಗಟ್ಟಿಯಾಗಿ ಹೇಳಿ. ಸಂಸ್ಕೃತ ಪದ ಕನ್ನಡದ ಬಾಯಲ್ಲಿ ಹೇಗೆ ನಿಲ್ಲಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಧರ್ಮಸ್ಥಳ ಮೇಳದ ಯಕ್ಷಗಾನದ ಆಟ ನಿಮ್ಮೂರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗಿ, ರಂಗಸ್ಥಳದ ಹತ್ತಿರವೇ ಕೂರಿಸಿ.